ತಲೆ ತಗ್ಗಿಸಿ ನೋಡಬೇಕಾದ ನಗರ



ಕೆಲವು ತಿಂಗಳುಗಳಿಂದ ನನಗೆ ಬರುತ್ತಿರುವ ದೂರವಾಣಿ ಕರೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. "ಮೇಷ್ಟ್ರೇ, ತಾವು ಪ್ರಾಗ್ ನಗರವನ್ನು ನೋಡಿ ಬಂದಿದ್ದೀರಲ್ಲ, ಅಲ್ಲಿ ತಪ್ಪದೆ ನೋಡಬೇಕಾದದ್ದು ಏನೇನು? ನಮ್ಮ ಟೂರಿನವರು ಅದಕ್ಕೆ ಅರ್ಧ ದಿನ ಕೊಟ್ಟಿದ್ದಾರೆ." ನಿವೃತ್ತಿಯ ಹಣ ಕೈಸೇರಿದೊಡನೆ 'ಹದಿನಾಲ್ಕು ದಿನ, ಹತ್ತು ದೇಶ' ಎಂಬ ಯಾತ್ರೆಗೆ ಹೊರಡುವ ಪದ್ಧತಿ ನಮ್ಮ ಬಳಗದಲ್ಲಿಯೂ ಬೇರೂರಿದೆ. ಇದರಲ್ಲಿ ತಪ್ಪೇನೂ ಇಲ್ಲ. ನಲವತ್ತು ವರ್ಷ ದುಡಿದವರು ಲೋಕವನ್ನು ನೋಡಬೇಡವೇ? ಆದರೆ ಅರ್ಧ ದಿನದಲ್ಲಿ ಪ್ರಾಗ್ ನಗರವನ್ನು ನೋಡಿಬರುವುದಕ್ಕಿಂತ ಅದನ್ನು ಕೈಬಿಟ್ಟು ಇನ್ನೊಂದು ಊರಿನಲ್ಲಿ ಒಂದು ದಿನ ಹೆಚ್ಚು ಇರುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಹೇಳಿದಾಗ ಕೆಲವರಿಗೆ ಬೇಸರವಾಗಿದೆ. ಆದ್ದರಿಂದ ಕಾರಣವನ್ನು ಸಾವಕಾಶವಾಗಿ ಬರೆಯುತ್ತಿದ್ದೇನೆ.

ಗುಂಪಿನ ಮುಂದೆ ನಡೆಯುವ ಮಾರ್ಗದರ್ಶಿಯ ಕೈಯಲ್ಲಿ ಒಂದು ಬಣ್ಣದ ಕೊಡೆ ಇರುತ್ತದೆ. ಮಳೆಯಿರಲಿ ಬಿಸಿಲಿರಲಿ, ಅದನ್ನು ಮೇಲಕ್ಕೆತ್ತಿ ಹಿಡಿದು ಆತ ಸಾಗುತ್ತಾನೆ. ನಲವತ್ತು ಜನ ಆ ಕೊಡೆಯ ಮೇಲೆ ಕಣ್ಣಿಟ್ಟು ಹಿಂಬಾಲಿಸುತ್ತಾರೆ. ಕೊಡೆ ನಿಂತಲ್ಲಿ ನಿಲ್ಲುತ್ತಾರೆ, ಆತ ಬೆರಳು ತೋರಿಸಿದ ಗೋಪುರದ ಕಡೆಗೆ ಕತ್ತೆತ್ತುತ್ತಾರೆ, ಛಾಯಾಚಿತ್ರ ತೆಗೆಯುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಗೋಪುರಗಳೇನೋ ಸುಂದರವಾಗಿವೆ. ಆದರೆ ಆ ನಗರದವರು ತಮ್ಮ ನೋವನ್ನೂ ಹೆಮ್ಮೆಯನ್ನೂ ಬರೆದಿಟ್ಟಿರುವುದು ಬಹುಮಟ್ಟಿಗೆ ನೆಲದ ಮೇಲೆ, ಕಾಲಡಿಯ ಕಲ್ಲುಹಾಸಿನಲ್ಲಿ. ಕೊಡೆಯನ್ನು ನೋಡುತ್ತ ನಡೆಯುವವರು ಅದನ್ನು ತುಳಿದುಕೊಂಡೇ ಹೋಗುತ್ತಾರೆ.

2023ರ ಮೇ ತಿಂಗಳಿನಲ್ಲಿ ನಾವು ದಂಪತಿಗಳು ಎಂಟು ದಿನ ಅಲ್ಲಿದ್ದೆವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹನ್ನೆರಡು ವರ್ಷಗಳಿಂದ ಅಲ್ಲಿ ಎಂಜಿನಿಯರನಾಗಿದ್ದಾನೆ (ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾನೆ, ಬರೆಯುವುದಿಲ್ಲ). ಬೆಳಗಿನ ಆರಕ್ಕೆ ಮನೆ ಬಿಟ್ಟು ಹತ್ತರ ವೇಳೆಗೆ, ಅಂದರೆ ಗುಂಪುಗಳು ಇಳಿಯುವ ಹೊತ್ತಿಗೆ, ಹಿಂದಿರುಗುವುದು ನಮ್ಮ ಕ್ರಮವಾಗಿತ್ತು. ಎಪ್ಪತ್ತು ದಾಟಿದ ಮೊಣಕಾಲುಗಳಿಗೆ ಅದೇ ಹಿತ.

ನಡಿಗೆಯನ್ನು ಆರಂಭಿಸಬೇಕಾದದ್ದು 1475ರಲ್ಲಿ ಕಟ್ಟಲು ತೊಡಗಿದ ಮದ್ದಿನ ಗೋಪುರದಿಂದ. ಒಂದು ಕಾಲದಲ್ಲಿ ಅದರಲ್ಲಿ ಕೋವಿಮದ್ದನ್ನು ಸಂಗ್ರಹಿಸಿಡುತ್ತಿದ್ದುದರಿಂದ ಆ ಹೆಸರು. ಅದರ ಮಗ್ಗುಲಲ್ಲೇ ಪುರಭವನವಿದೆ. 1912ರಲ್ಲಿ ಮುಗಿದ, ಬಣ್ಣಬಣ್ಣದ ಗಾಜು ಮತ್ತು ಬಳ್ಳಿಯಂತಹ ಕಬ್ಬಿಣದ ಕೆಲಸದ ಕಟ್ಟಡ. 1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯಾ ಸ್ವತಂತ್ರವಾಯಿತೆಂದು ಸಾರಿದ್ದು ಇಲ್ಲಿಯೇ. ಅಲ್ಲಿಂದ ಹಳೆಯ ರಾಜಬೀದಿಯಲ್ಲಿ ಹತ್ತು ನಿಮಿಷ ನಡೆದರೆ ಹಳೆಯ ಪಟ್ಟಣದ ಚೌಕ ತೆರೆದುಕೊಳ್ಳುತ್ತದೆ. ದಾರಿಯಲ್ಲಿ ಕೊಳವೆಯಾಕಾರದ ಒಂದು ಸಿಹಿರೊಟ್ಟಿಯನ್ನು 'ಪ್ರಾಚೀನ ಬೊಹೀಮಿಯಾದ ತಿಂಡಿ' ಎಂದು ಮಾರುತ್ತಾರೆ. ಅದು ಆ ಊರಿನ ಪ್ರಾಚೀನ ತಿಂಡಿಯೇನಲ್ಲ, ಪ್ರವಾಸಿಗರಿಗಾಗಿ ಇತ್ತೀಚಿನ ವರ್ಷಗಳಲ್ಲಿ ಬಂದದ್ದು. ತಿನ್ನಲು ಅಡ್ಡಿಯಿಲ್ಲ, ನಂಬಲು ಬೇಡ.

ಚೌಕಕ್ಕೆ ಬಂದೊಡನೆ ಎಲ್ಲರೂ ಓಡುವುದು ಪುರಸಭೆಯ ಹಳೆಯ ಕಟ್ಟಡದ ಖಗೋಳ ಗಡಿಯಾರದ ಕಡೆಗೆ. 1410ರ ಗಡಿಯಾರ ಇಂದಿಗೂ ನಡೆಯುತ್ತಿದೆ ಎಂದರೆ ಯಾರಿಗಾದರೂ ಬೆರಗಾಗದೆ ಇರದು. ಗಂಟೆಗೊಮ್ಮೆ ಅಸ್ಥಿಪಂಜರವೊಂದು ಗಂಟೆಯ ಹಗ್ಗವನ್ನು ಎಳೆಯುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಕ್ರಿಸ್ತನ ಶಿಷ್ಯರ ಗೊಂಬೆಗಳು ಸಾಲಾಗಿ ಸಾಗುತ್ತವೆ. ಒಂದು ನಿಮಿಷದೊಳಗೆ ಆಟ ಮುಗಿಯುತ್ತದೆ. ಜನ 'ಇಷ್ಟೇಯೇ?' ಎಂಬ ಮುಖ ಮಾಡಿಕೊಂಡು ಚದುರುತ್ತಾರೆ. ಆ ಗಡಿಯಾರವನ್ನು ನೋಡಬೇಕಾದದ್ದು ಗೊಂಬೆಗಳು ಒಳಗೆ ಹೋದ ಮೇಲೆ. ಸೂರ್ಯನೂ ಚಂದ್ರನೂ ಯಾವ ರಾಶಿಯಲ್ಲಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ. ಸೂರ್ಯಾಸ್ತದಿಂದ ಎಣಿಕೆ ಆರಂಭಿಸುವ ಹಳೆಯ ಚೆಕ್ ಗಂಟೆಗಳು ಒಂದು ವೃತ್ತದಲ್ಲಿವೆ. ಹಗಲನ್ನು ಎಷ್ಟೇ ದೀರ್ಘವಿರಲಿ ಹನ್ನೆರಡು ಭಾಗ ಮಾಡುವ ಏರಿಳಿತದ ಗಂಟೆಗಳು ಇನ್ನೊಂದೆಡೆ ಇವೆ. ದಿನಮಾನ, ಹೋರೆ ಎಂದು ಪಂಚಾಂಗ ನೋಡಿ ಬೆಳೆದ ನಮ್ಮಂಥವರಿಗೆ ಇದನ್ನು ಓದುವುದು ಯುವಕರಿಗಿಂತ ಸುಲಭ! ನನ್ನ ಮನೆಯವರು ಐದು ನಿಮಿಷದಲ್ಲಿ ಸೂರ್ಯ ವೃಷಭದಲ್ಲಿರುವುದನ್ನು ಗುರುತಿಸಿದರು. ಪಕ್ಕದಲ್ಲಿದ್ದ ಮಾರ್ಗದರ್ಶಿ ಮಾತ್ರ, ಗಡಿಯಾರ ಮಾಡಿದ ಹನೂಷ್ ಎಂಬವನ ಕಣ್ಣು ಕೀಳಿಸಿದರೆಂಬ ಕಟ್ಟುಕಥೆಯನ್ನು ರಸವತ್ತಾಗಿ ಹೇಳುತ್ತಿದ್ದ. ಅದನ್ನು ನಿರ್ಮಿಸಿದವನು ಮಿಕುಲಾಷ್ ಎಂಬ ಗಡಿಯಾರದ ಕುಶಲಕರ್ಮಿ. ಅವನ ಕಣ್ಣಿಗೆ ಯಾರೂ ಏನೂ ಮಾಡಲಿಲ್ಲ.

1945ರ ಮೇ ತಿಂಗಳಿನಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ, ಜರ್ಮನ್ ಸೈನಿಕರ ದಾಳಿಗೆ ಸಿಕ್ಕಿ ಗಡಿಯಾರ ಸುಟ್ಟಿತು. 1948ರಲ್ಲಿ ಅದು ಮತ್ತೆ ನಡೆಯತೊಡಗಿತು. ಪುರಸಭೆಯ ಕಟ್ಟಡದ ಒಂದು ಇಡೀ ಪಾರ್ಶ್ವ ಅದೇ ಬೆಂಕಿಯಲ್ಲಿ ನಾಶವಾಯಿತು. ಆ ಜಾಗದಲ್ಲಿ ಹೊಸ ಕಟ್ಟಡ ಬೇಕೆ ಎಂಬ ಚರ್ಚೆ ಆಮೇಲೆ ಎಷ್ಟೋ ಬಾರಿ ನಡೆದರೂ ಅದು ಖಾಲಿಯಾಗಿಯೇ ಉಳಿದಿದೆ. ಗೋಡೆ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಅದರ ಪಕ್ಕದ ಹುಲ್ಲುಹಾಸಿನ ಅಂಚಿನಲ್ಲಿ ಕುಳಿತು ಜನ ಐಸ್‌ಕ್ರೀಮ್ ತಿನ್ನುತ್ತಾರೆ.

ಈಗ ತಲೆ ತಗ್ಗಿಸಬೇಕು. ಗಡಿಯಾರದಿಂದ ಕೆಲವೇ ಹೆಜ್ಜೆಗಳಲ್ಲಿ, ಕಲ್ಲುಹಾಸಿನಲ್ಲಿ ಬಿಳಿಯ ಕಲ್ಲಿನ ಇಪ್ಪತ್ತೇಳು ಶಿಲುಬೆಗಳಿವೆ. 1621ರ ಜೂನ್ 21ರಂದು ಇಲ್ಲಿ ಇಪ್ಪತ್ತೇಳು ಜನರಿಗೆ ಮರಣದಂಡನೆಯಾಯಿತು. ಮೂವರು ಸಾಮಂತರು, ಏಳು ಜನ ನೈಟ್ ಪದವಿಯವರು, ಹದಿನೇಳು ಜನ ಪಟ್ಟಣಿಗರು. ಹಿಂದಿನ ವರ್ಷದ ನವೆಂಬರ್ 8ರಂದು ನಗರದ ಹೊರವಲಯದ ಬಿಳಿಬೆಟ್ಟದಲ್ಲಿ ನಡೆದ ಯುದ್ಧದಲ್ಲಿ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಸೈನ್ಯ ಗೆದ್ದಿತ್ತು. ದಂಗೆಯೆದ್ದ ಬೊಹೀಮಿಯಾದ ನಾಯಕರಿಗೆ ಇದು ಶಿಕ್ಷೆ. ಸತ್ತವರಲ್ಲಿ ಯಾನ್ ಯೆಸೆನಿಯುಸ್ ಎಂಬ ವೈದ್ಯನಿದ್ದ. 1600ರಲ್ಲಿ ಪ್ರಾಗ್‌ನಲ್ಲಿ ಸಾರ್ವಜನಿಕರೆದುರು ಶವಚ್ಛೇದನ ಮಾಡಿ ದೇಹರಚನೆಯನ್ನು ವಿವರಿಸಿದವನು, ಮುಂದೆ ಚಾರ್ಲ್ಸ್ ವಿಶ್ವವಿದ್ಯಾಲಯದ ಕುಲಪತಿಯಾದವನು. ತಲೆ ಕಡಿಯುವ ಮುನ್ನ ಆತನ ನಾಲಗೆಯನ್ನು ಕತ್ತರಿಸಿದರು. ಬೋಧಿಸುವುದೇ ಕಸುಬಾದವನಿಗೆ ನಾಲಗೆಯ ಶಿಕ್ಷೆ! ಹನ್ನೆರಡು ತಲೆಗಳನ್ನು ಸೇತುವೆಯ ಗೋಪುರಕ್ಕೆ ನೇತುಹಾಕಿದರು. ಹತ್ತು ವರ್ಷ ಅವು ಅಲ್ಲಿಯೇ ಇದ್ದವು.

ಇದರ ಫಲ ಇಪ್ಪತ್ತೇಳು ಜನರಿಗೆ ಮುಗಿಯಲಿಲ್ಲ. ಅರಸನ ಮತವನ್ನು ಒಪ್ಪಬೇಕು, ಇಲ್ಲವೇ ದೇಶ ಬಿಡಬೇಕು ಎಂಬ ಕಟ್ಟಳೆ ಬಂತು. 1628ರಲ್ಲಿ ದೇಶ ಬಿಟ್ಟವರಲ್ಲಿ ಒಬ್ಬ ಕೊಮೆನ್ಸ್ಕಿ, ಲೋಕ ಕೊಮೇನಿಯುಸ್ ಎಂದು ಕರೆಯುವ ಶಿಕ್ಷಣತಜ್ಞ. ಶಿಕ್ಷಕರ ತರಬೇತಿಯಲ್ಲಿ ನಾವು ಬಾಯಿಪಾಠ ಮಾಡಿದ ಹೆಸರು ಅದು. ಮಕ್ಕಳಿಗೆ ಚಿತ್ರಗಳ ಮೂಲಕ ಪಾಠ ಹೇಳಬೇಕೆಂದು 1658ರಲ್ಲಿಯೇ ಸಚಿತ್ರ ಪಠ್ಯಪುಸ್ತಕವನ್ನು ತಂದವನು. ಅವನಿಗೆ ತಾಯ್ನಾಡಿಗೆ ಮರಳಲಾಗಲಿಲ್ಲ. 1670ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡ. ಈಗ ಅವನ ಹುಟ್ಟಿದ ದಿನವಾದ ಮಾರ್ಚ್ 28 ಅಲ್ಲಿ ಶಿಕ್ಷಕರ ದಿನ. ನಲವತ್ತು ವರ್ಷ ಸೀಮೆಸುಣ್ಣ ಹಿಡಿದ ನನಗೆ ಆ ಶಿಲುಬೆಗಳ ಮುಂದೆ ನೆನಪಾದದ್ದು ಸಾಮಂತರಲ್ಲ, ಈ ಇಬ್ಬರು ಮೇಷ್ಟ್ರುಗಳು.

ನಾವು ನಿಂತಿದ್ದಾಗ ಒಂದು ಗುಂಪು ಬಂದು ಆ ಶಿಲುಬೆಗಳ ಮೇಲೆಯೇ ಸಾಲಾಗಿ ನಿಂತು ಗಡಿಯಾರದ ಚಿತ್ರ ತೆಗೆಯಿತು. ಅವರನ್ನು ದೂರುವುದಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ.

ಇದೇ ಚೌಕದಲ್ಲಿ 2021ರ ಮಾರ್ಚ್‌ನಲ್ಲಿ ಇನ್ನೊಂದು ಬಗೆಯ ಶಿಲುಬೆಗಳು ಕಾಣಿಸಿಕೊಂಡವು. ಕೊರೋನಾದಿಂದ ಆ ದೇಶದಲ್ಲಿ ಮೊದಲ ಸಾವು ಸಂಭವಿಸಿ ವರ್ಷವಾದ ದಿನ, ನಾಗರಿಕರ ಒಂದು ಗುಂಪು ನೆಲದ ಮೇಲೆ ಬಿಳಿಬಣ್ಣದಲ್ಲಿ ಸುಮಾರು 25,000 ಶಿಲುಬೆಗಳನ್ನು ಬಿಡಿಸಿತು. ಬಂಧುಗಳು ಬಂದು ಮಂಡಿಯೂರಿ ಸೀಮೆಸುಣ್ಣದಿಂದ ತಮ್ಮವರ ಹೆಸರನ್ನು ಅವುಗಳ ಪಕ್ಕ ಬರೆದರು. ನಾನೂರು ವರ್ಷಗಳ ಹಿಂದಿನ ಇಪ್ಪತ್ತೇಳು ಗುರುತುಗಳು ಕಾಲಡಿಯಲ್ಲಿದ್ದುದರಿಂದಲೇ ಈ ಯೋಚನೆ ಅವರಿಗೆ ಸಹಜವಾಗಿ ಹೊಳೆದಿರಬೇಕೆಂದು ನಾನು ಭಾವಿಸುತ್ತೇನೆ. ದುಃಖವನ್ನು ಎಲ್ಲಿ ಇಡಬೇಕು ಎಂಬುದನ್ನು ಊರೇ ಕಲಿಸಿಕೊಟ್ಟಿತ್ತು.

ಚೌಕದ ನಡುವೆ ಯಾನ್ ಹುಸ್‌ನ ದೊಡ್ಡ ಸ್ಮಾರಕವಿದೆ. ಲೂಥರನಿಗಿಂತ ಒಂದು ಶತಮಾನ ಮೊದಲೇ ಧರ್ಮಾಧಿಕಾರಿಗಳನ್ನು ಪ್ರಶ್ನಿಸಿದ ಈ ಉಪದೇಶಕನನ್ನು 1415ರ ಜುಲೈ 6ರಂದು ಕಾನ್‌ಸ್ಟಾನ್ಸ್‌ನಲ್ಲಿ ಜೀವಂತ ಸುಟ್ಟರು. ಐನೂರು ವರ್ಷ ತುಂಬಿದಾಗ, 1915ರಲ್ಲಿ, ಸ್ಮಾರಕ ಸಿದ್ಧವಾಯಿತು. ಆಸ್ಟ್ರಿಯಾದ ಸರಕಾರ ಅನಾವರಣದ ಸಮಾರಂಭಕ್ಕೆ ಅನುಮತಿ ಕೊಡಲಿಲ್ಲ. ಜನ ಭಾಷಣವಿಲ್ಲದೆ ಬಂದು ಹೂವಿನಿಂದ ಅದನ್ನು ಮುಚ್ಚಿದರು.

ಅದರ ಸಮೀಪದಲ್ಲಿಯೇ ಇರುವ ಮರಿಯಮ್ಮನ ಸ್ತಂಭದ ವಿಷಯವಾಗಿ ನನಗೂ ನನ್ನ ಶಿಷ್ಯನಿಗೂ ಸಣ್ಣ ಜಗಳವೇ ಆಯಿತು. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ಲೇಖನವನ್ನು ಬರೆಯಬೇಕೆನಿಸಿದ್ದು ಅದರಿಂದಲೇ.

1648ರಲ್ಲಿ ಸ್ವೀಡನ್ನಿನ ಸೈನ್ಯ ಪ್ರಾಗ್ ನಗರವನ್ನು ಮುತ್ತಿತು. ನಗರದವರು, ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು, ಹಳೆಯ ಪಟ್ಟಣವನ್ನು ಕಾಪಾಡಿಕೊಂಡರು. ಅದರ ಕೃತಜ್ಞತೆಗಾಗಿ 1650ರಲ್ಲಿ ಈ ಸ್ತಂಭ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಅದರ ನೆರಳು ನೆಲದ ಮೇಲೆ ಬೀಳುವ ರೇಖೆಯೇ ಪ್ರಾಗ್‌ನ ಮಧ್ಯಾಹ್ನರೇಖೆಯಾಯಿತು. ಅದನ್ನು ತೋರಿಸುವ ಲೋಹದ ಪಟ್ಟಿಯನ್ನು ಇಂದಿಗೂ ನೆಲದಲ್ಲಿ ಕಾಣಬಹುದು. ಕಾಲ ಕಳೆದಂತೆ ಮೂಲ ಕಾರಣ ಮರೆತುಹೋಗಿ, ಬಿಳಿಬೆಟ್ಟದಲ್ಲಿ ನಮ್ಮನ್ನು ಸೋಲಿಸಿದ ಹ್ಯಾಬ್ಸ್‌ಬರ್ಗರ ವಿಜಯಸ್ತಂಭ ಇದು ಎಂಬ ಭಾವನೆ ಜನರಲ್ಲಿ ಬೆಳೆಯಿತು. ಸ್ವಾತಂತ್ರ್ಯ ಬಂದ ಆರನೆಯ ದಿನ, 1918ರ ನವೆಂಬರ್ 3ರಂದು, ಒಂದು ಗುಂಪು ಹಗ್ಗ ಕಟ್ಟಿ ಅದನ್ನು ಉರುಳಿಸಿತು. ನೂರು ವರ್ಷ ಆ ಜಾಗ ಬರಿದಾಗಿತ್ತು. ಮತ್ತೆ ನಿಲ್ಲಿಸಬೇಕೆಂದು ಕೆಲವರು, ಕೂಡದೆಂದು ಕೆಲವರು ದೀರ್ಘಕಾಲ ವಾದಿಸಿದರು. ನಗರಸಭೆ 2017ರಲ್ಲಿ ಬೇಡವೆಂದಿತು, 2020ರ ಜನವರಿಯಲ್ಲಿ ಆಗಬಹುದೆಂದಿತು. ಅದೇ ವರ್ಷದ ಜೂನ್‌ನಲ್ಲಿ ಶಿಲ್ಪಿಯೊಬ್ಬರು ಕೆತ್ತಿದ ಪ್ರತಿಕೃತಿ ಮೇಲೆದ್ದಿತು.

ನಾನು ಹೇಳಿದೆ: "ಇದು ಆಗಬಾರದಿತ್ತು ಕಣಯ್ಯ. ಕೆಡವಿದ ಗುಂಪಿಗೆ ಇತಿಹಾಸ ತಿಳಿದಿರಲಿಲ್ಲ, ಒಪ್ಪುತ್ತೇನೆ. ಆದರೆ ಕೆಡವಿದ್ದೂ ಒಂದು ಇತಿಹಾಸವೇ. ಬರಿದಾದ ಜಾಗ 1650ನ್ನೂ ಹೇಳುತ್ತಿತ್ತು, 1918ನ್ನೂ ಹೇಳುತ್ತಿತ್ತು. ಈಗ ನೋಡುವವನಿಗೆ ಏನೂ ನಡೆದೇ ಇಲ್ಲವೆಂಬಂತೆ ಕಾಣುತ್ತದೆ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನೀವು ಇದನ್ನು ಪಾಠದ ಪುಸ್ತಕದ ಹಾಗೆ ನೋಡ್ತಿದ್ದೀರಿ. ಅಲ್ಲಿ ನೋಡಿ" ಎಂದ. ವಯಸ್ಸಾದ ಹೆಂಗಸೊಬ್ಬರು ಸ್ತಂಭದ ಬುಡದಲ್ಲಿ ನಿಂತು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. "ಅವರಿಗೆ ಇದು ಇತಿಹಾಸ ಅಲ್ಲ, ದೇವರು. ಒಡೆದ ದೇವಸ್ಥಾನ ಮತ್ತೆ ಕಟ್ಟಬೇಡಿ, ಒಡೆದದ್ದೇ ಚೆನ್ನಾಗಿ ಪಾಠ ಹೇಳುತ್ತೆ ಅಂತ ಭಕ್ತರಿಗೆ ಹೇಳೋಕಾಗುತ್ತಾ?"

ಈ ಮಾತಿಗೆ ತೂಕವಿದೆ. ಅಲ್ಲಿಯೇ ಉತ್ತರಿಸದೆ ಎರಡು ದಿನ ಯೋಚಿಸಿದೆ. ಭಕ್ತಿಯ ಹಕ್ಕನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಚೌಕದಿಂದ ಕಲ್ಲೆಸೆತದ ದೂರದಲ್ಲಿ ಪ್ರಾರ್ಥನೆಗೆ ಎಷ್ಟು ಇಗರ್ಜಿಗಳಿವೆ! ಸಾರ್ವಜನಿಕ ಚೌಕ ಎಲ್ಲರದು. ಅಲ್ಲಿ ಹುಸ್‌ನನ್ನು ಸುಟ್ಟವರ ಮತವನ್ನು ಅನುಸರಿಸುವವರೂ, ಹುಸ್‌ನನ್ನು ಹುತಾತ್ಮನೆನ್ನುವವರೂ, ಯಾವ ಮತವೂ ಬೇಡವೆನ್ನುವವರೂ (ಆ ದೇಶದಲ್ಲಿ ಇವರೇ ಬಹುಸಂಖ್ಯಾತರು) ನಡೆದಾಡುತ್ತಾರೆ. ಕೆಡವಬಾರದು ಎಂಬುದು ನನ್ನ ಮೊದಲ ಮಾತು. ಕೆಡವಿದ ಮೇಲೆ ಅದೇ ರೂಪದಲ್ಲಿ ಮತ್ತೆ ಎಬ್ಬಿಸಬಾರದು ಎಂಬುದು ಎರಡನೆಯದು. ನಡುವೆ ಏನಾಯಿತೆಂದು ನೆಲದ ಮೇಲೆ ಒಂದು ಕಲ್ಲಿನಲ್ಲಿ ಬರೆದರೆ ಸಾಕು. ಶಿಷ್ಯ ಇನ್ನೂ ಒಪ್ಪಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ವಿಚಿತ್ರವೆಂದರೆ, ಸ್ತಂಭವನ್ನು ನಿಲ್ಲಿಸಿದ ಅದೇ 2020ರ ಏಪ್ರಿಲ್‌ನಲ್ಲಿ ನಗರದ ಇನ್ನೊಂದು ಬಡಾವಣೆಯಲ್ಲಿ ಸೋವಿಯತ್ ಸೇನಾನಿ ಕೊನೆವ್‌ನ ಪ್ರತಿಮೆಯನ್ನು ಕೆಳಗಿಳಿಸಿದರು. 1945ರಲ್ಲಿ ಅವನ ಸೈನ್ಯ ಪ್ರಾಗ್‌ಗೆ ಬಂದದ್ದು ನಿಜ. 1956ರಲ್ಲಿ ಹಂಗೆರಿಯ ಬಂಡಾಯವನ್ನು ತುಳಿದವನೂ ಅವನೇ. ಪ್ರತಿಮೆ ನಿಂತದ್ದು 1980ರಲ್ಲಿ. 2018ರಲ್ಲಿ ಅದರ ಬುಡದಲ್ಲಿ ಈ ಎರಡೂ ಸಂಗತಿಗಳನ್ನು ಹೇಳುವ ವಿವರಣೆಯ ಫಲಕ ಹಾಕಿದ್ದರು. ನನ್ನ ಮಟ್ಟಿಗೆ ಅದು ಸರಿಯಾದ ಕೆಲಸ: ಒಬ್ಬ ಮನುಷ್ಯನ ಎರಡೂ ಮುಖ ಒಂದೇ ಕಡೆ ಓದಲು ಸಿಗುವುದು. ಎರಡೇ ವರ್ಷಕ್ಕೆ ಅದೂ ಹೋಯಿತು.

ಪೀಠಗಳ ಮೇಲೆ ನಿಂತವರ ಗತಿಯೇ ಇಷ್ಟು. ನದಿಯ ಆಚೆ ದಡದ ಲೆಟ್ನಾ ದಿಣ್ಣೆಯ ಮೇಲೆ 1955ರ ಮೇ 1ರಂದು ಸ್ಟಾಲಿನ್‌ನ ಮಹಾಪ್ರತಿಮೆಯನ್ನು ಅನಾವರಣ ಮಾಡಿದರು. ಹದಿನೈದು ಮೀಟರಿಗೂ ಹೆಚ್ಚು ಎತ್ತರ, ಸ್ಟಾಲಿನ್‌ನ ಹಿಂದೆ ಸಾಲುಗಟ್ಟಿದ ಕಾರ್ಮಿಕರು, ಸೈನಿಕರು. ಊರಿನವರು ಅದಕ್ಕೆ ಇಟ್ಟ ಅಡ್ಡಹೆಸರು 'ಮಾಂಸದಂಗಡಿಯ ಸಾಲು'! ಪಡಿತರಕ್ಕಾಗಿ ನಿಂತು ಕಾಲು ನೋಯಿಸಿಕೊಂಡವರಿಗೆ ಮಾತ್ರ ಹೊಳೆಯುವ ಹಾಸ್ಯ. ಶಿಲ್ಪಿ ಒಟಕಾರ್ ಶ್ವೆಟ್ಸ್ ಅನಾವರಣಕ್ಕೆ ಮೊದಲೇ ಆತ್ಮಹತ್ಯೆ ಮಾಡಿಕೊಂಡಿದ್ದ. ಸ್ಟಾಲಿನ್‌ನ ಅಪರಾಧಗಳನ್ನು ಮಾಸ್ಕೋದಲ್ಲಿಯೇ ಒಪ್ಪಿಕೊಂಡ ಮೇಲೆ, 1962ರಲ್ಲಿ, ಅದನ್ನು ಸಿಡಿಮದ್ದಿಟ್ಟು ಪುಡಿಮಾಡಿದರು. ಬರಿಯ ಪೀಠ ಮೂವತ್ತು ವರ್ಷ ಹಾಗೆಯೇ ಇತ್ತು. 1991ರಿಂದ ಅದರ ಮೇಲೆ ಒಂದು ಭಾರಿ ತಾಳಯಂತ್ರದ ಕಡ್ಡಿ ಅತ್ತಿಂದಿತ್ತ ಓಲಾಡುತ್ತಿದೆ. ಅದರ ಕೆಳಗೆ ಹುಡುಗರು ಚಕ್ರದ ಹಲಗೆಗಳ ಮೇಲೆ ಜಾರುತ್ತಾರೆ. ಸ್ಟಾಲಿನ್‌ಗೆ ಬದಲು ಮತ್ತೊಬ್ಬ ನಾಯಕನನ್ನು ನಿಲ್ಲಿಸದೆ ಬಿಟ್ಟ ನಗರದವರ ವಿವೇಕವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಚಾರ್ಲ್ಸ್ ಸೇತುವೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಅದನ್ನು ಹೇಳುವವರು ಬಹಳ ಜನ. 1357ರಲ್ಲಿ ನಾಲ್ಕನೆಯ ಚಾರ್ಲ್ಸ್ ಅಡಿಗಲ್ಲು ಹಾಕಿದ, ಅರ್ಧ ಕಿಲೋಮೀಟರ್ ಉದ್ದದ ಕಲ್ಲಿನ ಸೇತುವೆ. ಇಕ್ಕೆಲಗಳಲ್ಲಿ ಸಂತರ ಮೂವತ್ತು ಶಿಲ್ಪಗಳು. ಬಹುಪಾಲು ಈಗ ಪ್ರತಿಕೃತಿಗಳು, ಮೂಲಗಳು ವಸ್ತುಸಂಗ್ರಹಾಲಯ ಸೇರಿವೆ. ಬೆಳಗಿನ ಆರೂವರೆಗೆ ಹೋದರೆ ವಲ್ತಾವಾ ನದಿಯೂ ಹಂಸಗಳೂ ನೀವೂ ಮಾತ್ರ. ಹನ್ನೊಂದಕ್ಕೆ ಹೋದರೆ ಜಾತ್ರೆ. ಸೇತುವೆ ದಾಟಿ ಕೋಟೆಗೆ ಹತ್ತಲಾರದವರು 22ನೆಯ ಸಂಖ್ಯೆಯ ಟ್ರ್ಯಾಮ್ ಹಿಡಿಯಬಹುದು. ಕೋಟೆಯೊಳಗಿನ ಸಂತ ವೀಟಸ್ ಮಹಾದೇಗುಲ ಆರಂಭವಾದದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಸರಕಾರಿ ಕಾಮಗಾರಿ ನಿಧಾನವೆಂದು ಗೊಣಗುವವರು ಗಮನಿಸತಕ್ಕದ್ದು.

ಹಳೆಯ ಯೆಹೂದಿ ಕೇರಿಯಲ್ಲಿ ಪಿಂಕಾಸ್ ಎಂಬ ಪ್ರಾರ್ಥನಾಮಂದಿರವಿದೆ. ಹಿಟ್ಲರನ ಕಾಲದಲ್ಲಿ ಕೊಲ್ಲಲ್ಪಟ್ಟ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 80,000 ಯೆಹೂದಿಯರ ಹೆಸರುಗಳನ್ನು ಅದರ ಗೋಡೆಗಳ ಮೇಲೆ ಕೈಯಿಂದ ಬರೆದಿದ್ದಾರೆ. 1950ರ ದಶಕದಲ್ಲಿ ಒಮ್ಮೆ ಬರೆದರು. 1968ರಲ್ಲಿ ಗೋಡೆಗೆ ನೀರು ಜಿನುಗುತ್ತಿದೆಯೆಂದು ಮಂದಿರವನ್ನು ಮುಚ್ಚಿದರು, ಹೆಸರುಗಳು ಹೋದವು. 1990ರ ದಶಕದಲ್ಲಿ ಎಲ್ಲವನ್ನೂ ಮೊದಲಿನಿಂದ ಮತ್ತೆ ಬರೆದರು. ಹಾಜರಿ ಪುಸ್ತಕ ಬರೆದು ಬರೆದು ಕೈ ಸವೆಸಿದ ನಾನು ಆ ಗೋಡೆಯ ಮುಂದೆ ಕುಟುಂಬನಾಮ, ಹೆಸರು, ಹುಟ್ಟಿದ ದಿನ ಎಂದು ಒಂದೇ ಅಳತೆಯ ಅಕ್ಷರಗಳನ್ನು ನೋಡುತ್ತ ಬಹಳ ಹೊತ್ತು ನಿಂತೆ. ನೀವು ಸ್ತಂಭವನ್ನು ಮತ್ತೆ ಕಟ್ಟಬಾರದೆಂದಿರಿ, ಈ ಹೆಸರುಗಳನ್ನು ಮತ್ತೆ ಬರೆದದ್ದು ಸರಿಯೇ ಎಂದು ಮನೆಯವರು ಕೇಳಿದರು. ಸರಿಯೇ. ಸ್ತಂಭಕ್ಕೆ ಚೌಕದಲ್ಲಿ ಬೇರೆ ಬೇರೆ ಅರ್ಥಗಳಿದ್ದವು. ಈ ಹೆಸರುಗಳಿಗೆ ಗೋರಿ ಸಹ ಇಲ್ಲ, ಈ ಗೋಡೆಯೊಂದೇ.

ಸ್ವಲ್ಪ ದೂರದಲ್ಲಿ, ನದಿಯ ದಡದಲ್ಲಿ, ಯಾನ್ ಪಾಲಖ್ ಚೌಕವಿದೆ. 1989ರವರೆಗೆ ಅದಕ್ಕೆ ಕೆಂಪುಸೇನೆಯ ಸೈನಿಕರ ಹೆಸರಿತ್ತು. ಎದುರಿಗೇ ಚಾರ್ಲ್ಸ್ ವಿಶ್ವವಿದ್ಯಾಲಯದ ಮಾನವಿಕ ವಿಭಾಗ. ನಮ್ಮ ದ್ರಾವಿಡ ಭಾಷೆಗಳ ಅಧ್ಯಯನಕ್ಕೆ ಬದುಕನ್ನು ಮುಡಿಪಾಗಿಟ್ಟ ಕಮಿಲ್ ಜ್ವೆಲೆಬಿಲ್ (1927-2009) ಪ್ರಾಗ್‌ನವರು, ಇದೇ ವಿಶ್ವವಿದ್ಯಾಲಯದಲ್ಲಿ ಓದಿ ಪಾಠ ಹೇಳಿದವರು. 1968ರ ಆಕ್ರಮಣದ ನಂತರ ಅವರೂ ದೇಶ ಬಿಡಬೇಕಾಯಿತು. ಪಾಲಖ್ ಎಂಬ ಹುಡುಗ ಈ ವಿಭಾಗದ ವಿದ್ಯಾರ್ಥಿ. ಅವನ ಕಥೆಯನ್ನು ವೆನ್ಸೆಸ್ಲಾಸ್ ಚೌಕದಲ್ಲಿ ಹೇಳುವುದು ಉಚಿತ.

ವೆನ್ಸೆಸ್ಲಾಸ್ ಚೌಕ ಹೆಸರಿಗಷ್ಟೇ ಚೌಕ. ಸುಮಾರು 750 ಮೀಟರ್ ಉದ್ದದ, ಅರವತ್ತು ಮೀಟರ್ ಅಗಲದ ಇಳಿಜಾರು ಬೀದಿ ಅದು. ಹಿಂದೆ ಕುದುರೆ ಸಂತೆ ನಡೆಯುತ್ತಿದ್ದ ಜಾಗ. (ಇಬ್ಬದಿಯ ವಾಹನಗಳ ನಡುವೆ ಹಳೆಯ ಜಾವಾ ಬೈಕೊಂದು ನಿಂತಿದ್ದುದನ್ನು ಕಂಡು ನನಗೆ ಮೈಸೂರೇ ಕಣ್ಮುಂದೆ ಬಂತು. 1929ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಕಂಪೆನಿ ಅದು. ಸ್ಥಾಪಕ ಯಾನೆಚೆಕ್ ಮತ್ತು ವಾಂಡರರ್ ಎಂಬ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಎಂದರು. ದ್ವೀಪಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೆ ಆ ಬೈಕಿನ ಸದ್ದು ಕೇಳದ ಬೆಳಗಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನರ ತಂದೆಯವರು ಅಲ್ಲಿ ದುಡಿದವರು!)

ಬೀದಿಯ ಮೇಲುತುದಿಯಲ್ಲಿ ಸಂತ ವೆನ್ಸೆಸ್ಲಾಸನ ಅಶ್ವಾರೂಢ ಪ್ರತಿಮೆ, ಅದರ ಹಿಂದೆ 1891ರ ರಾಷ್ಟ್ರೀಯ ವಸ್ತುಸಂಗ್ರಹಾಲಯ. 1968ರ ಆಗಸ್ಟ್‌ನಲ್ಲಿ ಸೋವಿಯತ್ ಸೈನ್ಯ ನುಗ್ಗಿದಾಗ ಈ ಕಟ್ಟಡದ ಮುಖಭಾಗದ ಮೇಲೆ ಗುಂಡಿನ ಮಳೆಗರೆಯಿತು. ಆ ರಂಧ್ರಗಳನ್ನು ಆಮೇಲೆ ಮುಚ್ಚಿದರೂ ತೇಪೆಯ ಬಣ್ಣ ತಿಳಿಯಾಗಿದ್ದುದರಿಂದ ಗುರುತು ಎದ್ದು ಕಾಣುತ್ತಿತ್ತು. 2011ರಿಂದ 2018ರವರೆಗೆ ಕಟ್ಟಡವನ್ನು ಸಂಪೂರ್ಣ ದುರಸ್ತಿ ಮಾಡಿದಾಗ, ಕಲ್ಲನ್ನೆಲ್ಲ ತೊಳೆದು ಹೊಸದಾಗಿಸಿದರೂ ಗುಂಡಿನ ಗುರುತುಗಳನ್ನು ಉಳಿಸಿಕೊಂಡರು. ಇದು ನನಗೆ ಅತ್ಯಂತ ಪ್ರಿಯವಾದ ನಿರ್ಧಾರ. ಜೀರ್ಣೋದ್ಧಾರವೆಂದರೆ ಗಾಯದ ಕಲೆಯನ್ನೂ ಅಳಿಸಿಹಾಕುವುದು ಎಂದು ತಿಳಿದವರು ಒಮ್ಮೆ ಆ ಕಂಬಗಳನ್ನು ನೋಡಬೇಕು.

ಆ ಕಟ್ಟಡದ ಮುಂದೆ, 1969ರ ಜನವರಿ 16ರಂದು, ಇಪ್ಪತ್ತು ವರ್ಷದ ಯಾನ್ ಪಾಲಖ್ ಮೈಮೇಲೆ ಪೆಟ್ರೋಲ್ ಸುರಿದುಕೊಂಡು ಬೆಂಕಿ ಹಚ್ಚಿಕೊಂಡ. ಮೂರು ದಿನಗಳ ಮೇಲೆ ತೀರಿಕೊಂಡ. ಅವನು ಬಿಟ್ಟುಹೋದ ಪತ್ರದಲ್ಲಿದ್ದ ಬೇಡಿಕೆಗಳು ಎರಡೇ: ಪತ್ರಿಕೆಗಳ ಮೇಲಿನ ನಿರ್ಬಂಧ ತೆಗೆಯಬೇಕು, ಆಕ್ರಮಣಕಾರರು ಹಂಚುತ್ತಿದ್ದ ಪ್ರಚಾರಪತ್ರಿಕೆ ನಿಲ್ಲಬೇಕು. ಅವನ ಗೋರಿಗೆ ಜನ ಹೂವಿಡುವುದನ್ನು ಸಹಿಸದ ಸರಕಾರ 1973ರಲ್ಲಿ ದೇಹವನ್ನು ತೆಗೆಸಿ ಸುಡಿಸಿತು. ಆ ಜಾಗದಲ್ಲಿ ಬೇರೊಬ್ಬ ವೃದ್ಧೆಯನ್ನು ಹೂಳಿಸಿತು. ಬೂದಿ ಹಿಂದಿರುಗಿ ಅಲ್ಲಿಗೆ ಬಂದದ್ದು 1990ರಲ್ಲಿ. ಈಗ ಅವನು ಬಿದ್ದ ಜಾಗದ ಬಳಿ ನೆಲದಲ್ಲಿ ಕಂಚಿನ ಒಂದು ಶಿಲುಬೆ ಇದೆ. ಒಳಗಿನಿಂದ ಏನೋ ಎತ್ತುತ್ತಿರುವಂತೆ ಕಲ್ಲುಹಾಸು ಅಲ್ಲಿ ಉಬ್ಬಿದೆ. ಪೀಠವಿಲ್ಲ, ಬೇಲಿಯಿಲ್ಲ.

ಶಿಕ್ಷಕನಾಗಿ ನಾನು ಆ ಹುಡುಗನ ಸಾವನ್ನು ಆದರ್ಶವೆಂದು ಯಾವ ತರಗತಿಯಲ್ಲಿಯೂ ಹೇಳಲಾರೆ. ಇಪ್ಪತ್ತು ವರ್ಷದ ಮಕ್ಕಳು ಬದುಕಬೇಕು. ಆದರೆ ಅವನ ಹೆಸರನ್ನು ಗೋರಿಯಿಂದಲೂ ಅಳಿಸಲು ಹೊರಟ ಅಧಿಕಾರದ ಭಯವನ್ನು ಮಾತ್ರ ಪ್ರತಿ ತರಗತಿಯಲ್ಲಿಯೂ ಹೇಳಬೇಕು. ಇಪ್ಪತ್ತು ವರ್ಷಗಳ ನಂತರ, 1989ರ ನವೆಂಬರ್‌ನಲ್ಲಿ, ಇದೇ ಬೀದಿ ಜನರಿಂದ ತುಂಬಿತು. ಲಕ್ಷಾಂತರ ಮಂದಿ ಮನೆಯ ಕೀಲಿಕೈಗಳನ್ನು ಮೇಲೆತ್ತಿ ಕುಲುಕಿದರು. ಮೆಲಾಂಟ್ರಿಖ್ ಕಟ್ಟಡದ ಉಪ್ಪರಿಗೆಯಿಂದ ನಾಟಕಕಾರ ವಾಟ್ಸ್ಲಾವ್ ಹಾವೆಲ್ ಮಾತನಾಡಿದರು. ಡಿಸೆಂಬರ್ 29ರಂದು ಅವರೇ ರಾಷ್ಟ್ರಾಧ್ಯಕ್ಷರಾದರು. ಆ ಉಪ್ಪರಿಗೆಯ ಕೆಳಗೆ ಈಗ ಬಟ್ಟೆಬರೆಯ, ದಿನಸಿಯ ವ್ಯಾಪಾರ. ಇರಲಿ.

ಅದೇ ಬೀದಿಯ ಕೆಳತುದಿಯನ್ನು 2020ರಲ್ಲಿ ದುರಸ್ತಿಗೆಂದು ಅಗೆದರು. ಕಲ್ಲುಹಾಸಿನ ಚಪ್ಪಡಿಗಳನ್ನು ಎತ್ತಿ ಮಗುಚಿದಾಗ, ಕೆಳಮುಖದಲ್ಲಿ ನಯವಾಗಿ ಉಜ್ಜಿದ ಮೈ, ಹೀಬ್ರೂ ಅಕ್ಷರಗಳು, ಇಸವಿಗಳು, ಷಟ್ಕೋನ ನಕ್ಷತ್ರಗಳು ಕಾಣಿಸಿದವು. 1980ರ ದಶಕದಲ್ಲಿ ಕಮ್ಯುನಿಸ್ಟ್ ಸರಕಾರ ಯೆಹೂದಿಯರ ಸ್ಮಶಾನಗಳ ಗೋರಿಕಲ್ಲುಗಳನ್ನು ಸಣ್ಣಗೆ ಕತ್ತರಿಸಿ ಬೀದಿಗೆ ಹಾಸಿತ್ತು. 1989ರಲ್ಲಿ ಕೀಲಿಕೈ ಕುಲುಕಿದವರೂ, ಆಮೇಲೆ ಮೂರು ದಶಕ ಅಲ್ಲಿ ನಡೆದವರೂ ತಿಳಿಯದೆಯೇ ಅವುಗಳ ಮೇಲೆ ಕಾಲಿಟ್ಟಿದ್ದರು. ಸಿಕ್ಕ ಕಲ್ಲುಗಳನ್ನು ನಗರದವರು ಯೆಹೂದಿ ಸಮುದಾಯಕ್ಕೆ ಒಪ್ಪಿಸಿದರು. 2022ರಲ್ಲಿ ಜಿಜ್ಕೊವ್ ಬಡಾವಣೆಯ ಹಳೆಯ ಯೆಹೂದಿ ಸ್ಮಶಾನದ ಜಾಗದಲ್ಲಿ ಅವುಗಳಿಂದ ಒಂದು ಸ್ಮಾರಕ ಮಾಡಿದ್ದಾರೆ. ಯಾವ ಟೂರಿನ ಪಟ್ಟಿಯಲ್ಲಿಯೂ ನಾನು ಅದನ್ನು ಕಾಣಲಿಲ್ಲ. ಶಿಷ್ಯನ ಮಗಳು, ಹೈಸ್ಕೂಲಿನ ಹುಡುಗಿ, ನಮ್ಮನ್ನು ಕರೆದುಕೊಂಡು ಹೋದಳು. ಮುರಿದ ಅಕ್ಷರಗಳಲ್ಲಿ ಅರ್ಧ ಹೆಸರು ಒಂದು ಕಲ್ಲಿನಲ್ಲಿ, ಉಳಿದರ್ಧ ಎಲ್ಲಿಯೋ. "ತಾತ, ಇದರ ಇನ್ನೊಂದು ಭಾಗ ಇನ್ನೂ ಯಾವ ರೋಡಲ್ಲಿದೆಯೋ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಈಗ ಜೂನ್‌ನಲ್ಲಿ ಹೊರಡುವವರಿಗೆ ನಾಲ್ಕು ಮಾತು. ಟೂರಿನವರನ್ನು ಒಪ್ಪಿಸಿ ಕನಿಷ್ಠ ಎರಡು ರಾತ್ರಿ ಅಲ್ಲಿ ಉಳಿಯಿರಿ. ಒಪ್ಪದಿದ್ದರೆ, ಗುಂಪು ಅಂಗಡಿಗಳಿಗೆ ಹೋಗುವ ಎರಡು ಗಂಟೆಯಲ್ಲಿ ನೀವು ಬೇರೆಯಾಗಿ ಇಪ್ಪತ್ತೇಳು ಶಿಲುಬೆಗಳಿಂದ ಪಾಲಖ್‌ನ ಶಿಲುಬೆಯವರೆಗೆ ನಡೆದುಬನ್ನಿ. ಹಿರಿಯರಿಗೂ ಅರ್ಧ ಗಂಟೆಗಿಂತ ಹೆಚ್ಚು ಬೇಡ. ಹಣ ಅಲ್ಲಿ ಕೊರುನಾ, ಯೂರೋ ಅಲ್ಲ. ಬೀದಿಬದಿಯಲ್ಲಿ ನೋಟು ಬದಲಿಸಬೇಡಿ. ಸಸ್ಯಾಹಾರಿಗಳು ಕರಿದ ಗಿಣ್ಣು ಮತ್ತು ಆಲೂಗೆಡ್ಡೆಯಿಂದ ದಿನ ತಳ್ಳಬಹುದು, ನಾವು ತಳ್ಳಿದೆವು. ಹಿಮ್ಮಡಿ ಎತ್ತರದ ಚಪ್ಪಲಿ ಖಂಡಿತ ಬೇಡ. ಆ ಸಣ್ಣ ಚೌಕಕಲ್ಲುಗಳ ನಡುವಿನ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ.